ಬ್ರೌಸರ್ ತಂತ್ರಾಂಶಗಳಲ್ಲಿ ಗುಪ್ತ ಕಮಿಷನ್

ಬ್ರೌಸರ್ ಅಥವಾ ಅದಕ್ಕೆ ಜೋಡಿಸಿದ ಎಕ್ಸ್‌ಟೆನ್ಷನ್, ಬಳಕೆದಾರರಿಗೆ ತಿಳಿಸದೆ ಜಾಲತಾಣದ ವಿಳಾಸಕ್ಕೆ ತನ್ನ ರೆಫರಲ್ ಸಂಕೇತ ಸೇರಿಸಿ, ಅವರ ಖರೀದಿ ಇಲ್ಲವೇ ನೋಂದಣಿಯ ಮೇಲೆ ಕಮಿಷನ್ ಪಡೆಯುವ ಪದ್ಧತಿ.

ಕಮಿಷನ್ ಎಂಬುದು ಮೂಲತಃ ಮುಚ್ಚುಮರೆಯ ವ್ಯವಹಾರವಾಗಿರಲಿಲ್ಲ. 1996ರಲ್ಲಿ ಅಮೆಜಾನ್ ಅಸೋಸಿಯೇಟ್ಸ್ ಯೋಜನೆ ಆರಂಭಿಸಿದಾಗ, ಪುಸ್ತಕವನ್ನು ಶಿಫಾರಸು ಮಾಡಿದ ಜಾಲತಾಣಕ್ಕೆ ಮಾರಾಟದಲ್ಲಿ ಪಾಲು ಸಿಗುತ್ತಿತ್ತು. ಶಿಫಾರಸು ಯಾರದೆಂದು ಓದುಗರಿಗೆ ಗೊತ್ತಿರುತ್ತಿತ್ತು. ಬ್ರೌಸರ್‌ಗಳನ್ನು ಉಚಿತವಾಗಿ ಹಂಚತೊಡಗಿದ ಮೇಲೆ ತಯಾರಕರು ಬೇರೆ ಆದಾಯ ಹುಡುಕಿದರು. ಫೈರ್‌ಫಾಕ್ಸ್‌ನ ಮೊಝಿಲ್ಲಾ ಸಂಸ್ಥೆಯ ವರಮಾನದ ಬಹುಪಾಲು ಗೂಗಲ್ ಜೊತೆಗಿನ ಹುಡುಕಾಟ ಒಪ್ಪಂದದಿಂದ ಬಂದದ್ದು. ಆ ಒಪ್ಪಂದ ಎಲ್ಲರಿಗೂ ತಿಳಿದಿರುವಂಥದ್ದೇ.

ನಂಬಿಕೆಯ ಪ್ರಶ್ನೆ ತೀವ್ರವಾಗಿ ಎದ್ದದ್ದು 2020ರ ಜೂನ್‌ನಲ್ಲಿ, ಅದೂ ಖಾಸಗಿತನವನ್ನೇ ತನ್ನ ಹೆಗ್ಗಳಿಕೆಯಾಗಿಸಿಕೊಂಡಿದ್ದ ಬ್ರೇವ್ ಬ್ರೌಸರ್‌ನಲ್ಲಿ. ಜಾವಾಸ್ಕ್ರಿಪ್ಟ್ ರೂಪಿಸಿದ ಬ್ರೆಂಡನ್ ಐಕ್ ಮತ್ತು ಬ್ರಯಾನ್ ಬಾಂಡಿ 2015ರಲ್ಲಿ ಸ್ಥಾಪಿಸಿದ ಕಂಪನಿಯದು. ಕ್ರಿಪ್ಟೊ ವಿನಿಮಯ ತಾಣವಾದ ಬೈನಾನ್ಸ್‌ನ ಅಮೆರಿಕದ ವಿಳಾಸವನ್ನಷ್ಟೇ ಟೈಪಿಸಿ ಎಂಟರ್ ಒತ್ತಿದರೆ, ಆಟೋಕಂಪ್ಲೀಟ್ ಅದರ ಬಾಲಕ್ಕೆ 'ರೆಫ್' ಎಂಬ ಪದವನ್ನೂ ಒಂದು ಸಂಖ್ಯೆಯನ್ನೂ ಅಂಟಿಸುತ್ತಿತ್ತು. ಮೂಲಸಂಕೇತ ಮುಕ್ತವಾಗಿದ್ದರಿಂದ ಜನ ಅದನ್ನು ತೆರೆದು ನೋಡಿದರು. ಕ್ರಿಪ್ಟೊ ವಲಯದ ಕಾಯಿನ್‌ಬೇಸ್, ಲೆಡ್ಜರ್, ಟ್ರೆಝರ್ ಹೆಸರುಗಳೂ ಅಲ್ಲಿದ್ದವು. ಆ ಸಂಖ್ಯೆ ಬ್ರೇವ್ ಅನ್ನು ಗುರುತಿಸುತ್ತದೆಯೇ ಹೊರತು ಬಳಕೆದಾರರನ್ನಲ್ಲ ಎಂದು ಐಕ್ ವಿವರಿಸಿದರು. ಆದರೂ ಟೈಪಿಸಿದ ವಿಳಾಸಕ್ಕೆ ಏನನ್ನೂ ಸೇರಿಸಬಾರದಿತ್ತು, ಅದು ತಪ್ಪು ಎಂದು ಒಪ್ಪಿಕೊಂಡರು. ಸೌಲಭ್ಯವನ್ನು ಡೀಫಾಲ್ಟ್ ಆಗಿ ನಿಲ್ಲಿಸಲಾಯಿತು. ಬಳಕೆದಾರರ ಜೇಬಿಗೆ ಕತ್ತರಿ ಬೀಳಲಿಲ್ಲ, ನಿಜ. ಆದರೆ ವಿಳಾಸಪಟ್ಟಿಯಲ್ಲಿ ಬರೆದದ್ದು ಬಳಕೆದಾರರದೇ ಮಾತು. ಕೇಳದೆ ಅದನ್ನು ತಿದ್ದುವ ಹಕ್ಕು ತಂತ್ರಾಂಶಕ್ಕೆ ಇಲ್ಲ.

ಇದಕ್ಕಿಂತ ದೊಡ್ಡ ವಿವಾದ ಹನಿ ಎಂಬ ಕೂಪನ್ ಎಕ್ಸ್‌ಟೆನ್ಷನ್‌ನದು. 2020ರ ಆರಂಭದಲ್ಲಿ ಪೇಪಾಲ್ ಅದನ್ನು ಸುಮಾರು 400 ಕೋಟಿ ಡಾಲರ್‌ಗೆ ಕೊಂಡಿತ್ತು. ಕೊನೆಯ ಕ್ಲಿಕ್ ಯಾರದೋ ಕಮಿಷನ್ ಅವರಿಗೆ ಎಂಬುದು ಈ ಉದ್ಯಮದ ವಾಡಿಕೆ. ಹಣ ಪಾವತಿಸುವ ಗಳಿಗೆಯಲ್ಲಿ ಹನಿಯ ಗುಂಡಿ ಒತ್ತಿದರೆ, ವಸ್ತುವನ್ನು ಪರಿಚಯಿಸಿದ ಯೂಟ್ಯೂಬರ್‌ನ ರೆಫರಲ್ ಗುರುತಾದ ಕುಕೀ ಅಳಿದು ಹನಿಯದು ಕೂರುತ್ತದೆ, ಕೂಪನ್ ಸಿಗದಿದ್ದಾಗಲೂ ಹೀಗಾಗುತ್ತದೆ ಎಂದು 2024ರ ಡಿಸೆಂಬರ್‌ನಲ್ಲಿ ಮೆಗಾಲ್ಯಾಗ್ ಎಂಬ ಯೂಟ್ಯೂಬ್ ಚಾನೆಲ್ ಆರೋಪಿಸಿತು. ಉದ್ಯಮದ ನಿಯಮವನ್ನೇ ಪಾಲಿಸಿದ್ದೇವೆ ಎಂದಿತು ಪೇಪಾಲ್. ಅಮೆರಿಕದಲ್ಲಿ ಮೊಕದ್ದಮೆಗಳು ದಾಖಲಾದವು.

ಈ ವಿವಾದದ ಬಳಿಕ, 2025ರ ಮಾರ್ಚ್‌ನಲ್ಲಿ ಗೂಗಲ್, ಕ್ರೋಮ್ ವೆಬ್ ಸ್ಟೋರ್‌ನ ನಿಯಮ ಬಿಗಿಗೊಳಿಸಿತು: ಬಳಕೆದಾರರಿಗೆ ನೇರ ಪ್ರಯೋಜನ ಸಿಗದಿದ್ದರೆ ಎಕ್ಸ್‌ಟೆನ್ಷನ್‌ಗಳು ಅಫಿಲಿಯೇಟ್ (ರೆಫರಲ್) ಸಂಕೇತ ಸೇರಿಸುವಂತಿಲ್ಲ.