ಒಬ್ಬರೇ ಇಬ್ಬರಾದದ್ದು, ಇಬ್ಬರು ಒಬ್ಬರಾದದ್ದು

ಕಳೆದ ವರ್ಷ ನನ್ನ ಕೈಯಿಂದ ಒಂದು ಎಡವಟ್ಟಾಯಿತು. ಇಬ್ಬರು ಅವಳಿ ಹುಡುಗರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿಬಿಟ್ಟೆ. ಗಾಬರಿಯಾಗಬೇಡಿ, ಆದದ್ದು ಕಂಪ್ಯೂಟರಿನೊಳಗೆ. ಆದರೂ ಎರಡು ರಾತ್ರಿ ನಿದ್ದೆ ಬರಲಿಲ್ಲ.

ನಾನಿರುವುದು ಬೆಂಗಳೂರು, ನಾನು ಬರೆಯುವ ಕೋಡು ಓಡುವುದು ಕೆನಡಾದಲ್ಲಿ. ಅಲ್ಲಿನ ಊರುಗಳಲ್ಲಿ ಪುರಸಭೆಯವರೇ ಈಜುಕೊಳ, ಜಿಮ್ಮು, ಮಕ್ಕಳ ಬೇಸಿಗೆ ಶಿಬಿರ ಎಲ್ಲವನ್ನೂ ನಡೆಸುತ್ತಾರೆ. ಯಾರು ಯಾವ ಕ್ಲಾಸಿಗೆ ಸೇರಿದರು, ದುಡ್ಡು ಕಟ್ಟಿದರೋ ಇಲ್ಲವೋ ಎಂಬ ಲೆಕ್ಕ ಇಡುವುದು ನಮ್ಮ ತಂತ್ರಾಂಶ. ಹತ್ತು ಹದಿನೈದು ವರ್ಷ ಓಡಿದ ಮೇಲೆ ನೋಡಿದರೆ ಒಬ್ಬೊಬ್ಬರ ಹೆಸರಲ್ಲೂ ಮೂರು ನಾಲ್ಕು ಖಾತೆ! ಒಂದು ಸಲ ಅಮ್ಮ ಫೋನು ಮಾಡಿ ಮಗುವಿನ ಹೆಸರು ಬರೆಸಿರುತ್ತಾಳೆ, ಮುಂದಿನ ವರ್ಷ ಅಪ್ಪ ಅಂತರ್ಜಾಲದಲ್ಲಿ ಸೇರಿಸಿರುತ್ತಾನೆ, ಆಮೇಲೆ ಅಜ್ಜಿ ಕೌಂಟರಿಗೇ ಹೋಗಿ ಇನ್ನೊಂದು ಸ್ಪೆಲ್ಲಿಂಗಿನಲ್ಲಿ. ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಮಗುವಿಗೆ ಕಡಲೆಕಾಯಿ ಆಗಿಬರುವುದಿಲ್ಲ ಎಂದು ಒಂದು ಖಾತೆಯಲ್ಲಿ ಬರೆದಿರುತ್ತದೆ, ಈ ವರ್ಷ ಶಿಬಿರಕ್ಕೆ ಸೇರಿರುವುದು ಇನ್ನೊಂದು ಖಾತೆಯಿಂದ. ಶಿಬಿರದಲ್ಲಿ ತಿಂಡಿ ಹಂಚುವವರಿಗೆ ಅದು ಕಾಣುವುದೇ ಇಲ್ಲ. ಹಾಗಾಗಿ ಖಾತೆಗಳನ್ನು ಕೂಡಿಸಲೇಬೇಕು.

ಕೂಡಿಸುವ ಪ್ರೋಗ್ರಾಂ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹುಟ್ಟಿದ ದಿನ, ಮನೆ ವಿಳಾಸ, ಫೋನು, ಕುಟುಂಬದ ಹೆಸರು ಒಂದೇ ಆಗಿದ್ದು ಮೊದಲ ಹೆಸರಿನಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಇದ್ದರೆ ಇಬ್ಬರೂ ಒಬ್ಬರೇ ಎಂದು ನಿಯಮ ಹಾಕಿದೆ. ಅವಳಿಗಳಿಗೆ ಪ್ರಾಸಬದ್ಧವಾಗಿ ಹೆಸರಿಡುವ ಚಟ ನಮ್ಮವರಿಗಷ್ಟೇ ಇರುವುದು ಅಂದುಕೊಂಡಿದ್ದೆ. ತರಗತಿಯ ಮೊದಲ ದಿನ ಪಟ್ಟಿಯಲ್ಲಿ ಒಬ್ಬನ ಹೆಸರು ಮಾತ್ರ ಇತ್ತು. "ಇನ್ನೊಬ್ಬ ಎಲ್ಲಿ?" ಎಂದು ತಾಯಿ ಕೇಳಿದಳಂತೆ. ಅವನ ಜಾಗ ಬೇರೆ ಮಗುವಿಗೆ ಹೋಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಒಬ್ಬನಿಗೆ ಬರೆದಿದ್ದ ಅಲರ್ಜಿಯ ಟಿಪ್ಪಣಿಯ ಮೇಲೆ ಇನ್ನೊಬ್ಬನ ಖಾಲಿ ಜಾಗ ಕೂತು ಟಿಪ್ಪಣಿ ಅಳಿಸಿಹೋಗಿತ್ತು. ತಾಯಿ ಚುರುಕಾಗಿದ್ದಳು, ಏನೂ ಆಗಲಿಲ್ಲ.

ನಿದ್ದೆ ಬಾರದ ಆ ದಿನಗಳಲ್ಲಿ, ಈ ಕೆಲಸವನ್ನು ನನಗಿಂತ ಮೊದಲು ಯಾರು ಯಾರು ಮಾಡಿದ್ದರು ಎಂದು ಹುಡುಕುತ್ತಾ ಹೋದೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಥೆ ಕಂಪ್ಯೂಟರಿಗಿಂತಲೂ ಹಳೆಯದು.

ಅಮೆರಿಕದ ಪಿಟ್ಸ್‌ಬರ್ಗಿನ ರಾಬರ್ಟ್ ರಸೆಲ್ ಎಂಬಾತನಿಗೆ 1918ರ ಏಪ್ರಿಲ್‌ನಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಕಚೇರಿಗಳಲ್ಲಿ ಕಾರ್ಡುಗಳನ್ನು ಹೆಸರಿನ ಸ್ಪೆಲ್ಲಿಂಗ್ ಪ್ರಕಾರ ಜೋಡಿಸುವ ಬದಲು ಅದರ ಉಚ್ಚಾರಣೆಯ ಪ್ರಕಾರ ಜೋಡಿಸುವ ಉಪಾಯ ಅದು. ಮುಂದೆ ಇದಕ್ಕೆ ಸೌಂಡೆಕ್ಸ್ ಎಂಬ ಹೆಸರು ನಿಂತಿತು. ಮೂಲ ಪೇಟೆಂಟಿನ ಗುಂಪುಗಳು ಸ್ವಲ್ಪ ಬೇರೆ. ಈಗ ಬಳಕೆಯಲ್ಲಿರುವ ರೂಪ ಹೀಗಿದೆ: ಹೆಸರಿನ ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು, ಉಳಿದದ್ದರಲ್ಲಿ ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ಗುಂಪಿನ ಸಂಖ್ಯೆ ಕೊಡುವುದು. ಬಿ, ಪಿ, ಎಫ್, ವಿ ಒಂದು ಗುಂಪು. ಡಿ, ಟಿ ಇನ್ನೊಂದು. ಎಮ್, ಎನ್ ಮತ್ತೊಂದು. ಮೂರು ಅಂಕಿ ಸಿಕ್ಕರೆ ಸಾಕು, ಕಡಿಮೆ ಬಿದ್ದರೆ ಸೊನ್ನೆ. ಕವರ್ಗ, ತವರ್ಗ, ಪವರ್ಗ ಎಂದು ಒಂದನೇ ಕ್ಲಾಸಿನಲ್ಲಿ ರಾಗ ಎಳೆದ ನಮಗೆ ಇದೇನು ಹೊಸದು ಅನ್ನಿಸಬಹುದು. ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತದೆ ಎಂಬುದರ ಮೇಲೆ ಅಕ್ಷರಗಳನ್ನು ಗುಂಪು ಮಾಡುವುದು ನಮ್ಮ ವರ್ಣಮಾಲೆಯ ಹಳೇ ಅಭ್ಯಾಸ.

ನಮ್ಮ ಹೆಸರುಗಳ ಮೇಲೆ ಇದನ್ನು ಓಡಿಸಿ ನೋಡಿದೆ. ಲಕ್ಷ್ಮಿಯನ್ನು ಕೆ-ಎಸ್-ಎಚ್ ಹಾಕಿ ಬರೆಯಿರಿ, ಎಕ್ಸ್ ಹಾಕಿ ಬರೆಯಿರಿ, ಎರಡಕ್ಕೂ ಎಲ್250. ಭಲೇ ಅನ್ನಿಸಿತು. ಗೌಡ ಎಂದು ಕೊಟ್ಟರೆ ಜಿ300. ಗೀತಾ ಎಂದು ಕೊಟ್ಟರೆ ಅದೂ ಜಿ300! ಇನ್ನು ಯಲ್ಲಮ್ಮ ವೈ450 ಆದರೆ ಎಲ್ಲಮ್ಮ ಇ450. ಜ್ಞಾನೇಶನನ್ನು ಒಬ್ಬರು 'ಜೆ' ಇಂದ, ಇನ್ನೊಬ್ಬರು 'ಜಿ' ಇಂದ ಬರೆದರೆ ಮೊದಲಕ್ಷರ ಬೇರೆಯಾದ್ದರಿಂದ ಆ ಎರಡು ಕಾರ್ಡು ಎಂದೂ ಒಂದೇ ಡ್ರಾಯರಿಗೆ ಬೀಳುವುದಿಲ್ಲ. ಅಂದರೆ 1918ರ ಉಪಾಯದಲ್ಲೇ ಎರಡೂ ತಪ್ಪು ಇದ್ದವು: ಒಬ್ಬರೇ ಇಬ್ಬರಾಗಿ ಉಳಿಯುವುದು, ಇಬ್ಬರು ಒಬ್ಬರಂತೆ ಕಾಣುವುದು. ಆದರೆ ಒಂದು ಮಾತು. ಸೌಂಡೆಕ್ಸ್ ಕೂಡಿಸುತ್ತಿರಲಿಲ್ಲ, ಡ್ರಾಯರ್ ಯಾವುದೆಂದು ತೋರಿಸುತ್ತಿತ್ತು ಅಷ್ಟೆ. ಕಾರ್ಡು ತೆಗೆದು ನೋಡಿ ಗೀತಾ ಬೇರೆ, ಗೌಡ ಬೇರೆ ಎನ್ನಲು ಗುಮಾಸ್ತರು ಇರುತ್ತಿದ್ದರು.

ಇದು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1935ರಲ್ಲಿ ಅಮೆರಿಕ ಸೋಷಿಯಲ್ ಸೆಕ್ಯುರಿಟಿ ಕಾಯ್ದೆ ತಂದು 65 ದಾಟಿದವರಿಗೆ ಪಿಂಚಣಿ ಎಂದಿತು. ವಯಸ್ಸಿಗೆ ಸಾಕ್ಷಿ? ಎಷ್ಟೋ ಮುದುಕರ ಬಳಿ ಜನನ ಪತ್ರವೇ ಇರಲಿಲ್ಲ. ನಮ್ಮ ಅಜ್ಜಿಯರು "ಪ್ಲೇಗು ಬಂದ ವರ್ಷ ಹುಟ್ಟಿದ್ದು" ಎನ್ನುತ್ತಿದ್ದ ಹಾಗೇ ಅಲ್ಲೂ ಇತ್ತು ಅಂದುಕೊಳ್ಳಿ. ಉಳಿದ ದಾರಿ ಹಳೆಯ ಜನಗಣತಿ ಪುಸ್ತಕ. ಆ ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದವರಿಗೆ ಸರ್ಕಾರ ಕೊಟ್ಟ ಕೆಲಸಗಳಲ್ಲಿ, ಜನಗಣತಿಯ ಹೆಸರುಗಳನ್ನು ಸೌಂಡೆಕ್ಸ್ ಕಾರ್ಡುಗಳಿಗೆ ಇಳಿಸುವುದೂ ಒಂದು. 1880ರ ಗಣತಿಯಲ್ಲಿ ಹತ್ತು ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳಿದ್ದ ಮನೆಗಳನ್ನು ಮಾತ್ರ ಇಳಿಸಿದರು. ಯಾಕೆ ಹೇಳಿ? ಆಗ ಹತ್ತು ವರ್ಷದವನಿಗೆ 1935ಕ್ಕೆ ಸರಿಯಾಗಿ 65! 1890ರ ಗಣತಿ ಇನ್ನೂ ಉಪಯೋಗವಾಗುತ್ತಿತ್ತು, ಆದರೆ ಅದರ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾಗಿತ್ತು. ಹಾಲರಿತ್ ಯಂತ್ರಗಳಿಂದ ಎಣಿಸಿದ ಮೊದಲ ಜನಗಣತಿ ಅದೇ ಎಂಬುದನ್ನು ನೆನೆದರೆ ನಮ್ಮಂಥವರಿಗೆ ಹೊಟ್ಟೆ ಉರಿಯುತ್ತದೆ.

"ಹೆಸರಿನ ರಗಳೆಯೇ ಬೇಡ, ಎಲ್ಲರಿಗೂ ಒಂದು ನಂಬರ್ ಕೊಟ್ಟರಾಯಿತಲ್ಲ" ಎನ್ನುವವರಿದ್ದಾರೆ. ಸೋಷಿಯಲ್ ಸೆಕ್ಯುರಿಟಿಯವರು 1936ರಲ್ಲಿ ಅದನ್ನೂ ಮಾಡಿದರು. 1938ರಲ್ಲಿ ನ್ಯೂಯಾರ್ಕ್ ರಾಜ್ಯದ ಲಾಕ್‌ಪೋರ್ಟಿನ ಪರ್ಸು ತಯಾರಕರೊಬ್ಬರು, ಕಾರ್ಡು ಪರ್ಸಿನಲ್ಲಿ ಹೇಗೆ ಕೂರುತ್ತದೆಂದು ತೋರಿಸಲು ಒಂದು ಮಾದರಿ ಕಾರ್ಡು ಇಟ್ಟರು. ಅದರಲ್ಲಿದ್ದದ್ದು ಅವರ ಕಚೇರಿಯ ಸೆಕ್ರೆಟರಿಯ ನಿಜವಾದ ನಂಬರು. ಕಾರ್ಡು ನಿಜವಾದದ್ದರ ಅರ್ಧ ಗಾತ್ರ, ಮೇಲೆ ಮಾದರಿ ಎಂದು ಅಚ್ಚಾಗಿತ್ತು ಬೇರೆ. ಆದರೂ ಪರ್ಸು ಕೊಂಡ ಸಾವಿರಾರು ಜನ ಅದು ತಮ್ಮದೇ ನಂಬರು ಎಂದುಕೊಂಡರು. 1943ರಲ್ಲಿ 5,755 ಜನ ಅದೇ ನಂಬರಿನಲ್ಲಿ ಕೆಲಸ ಮಾಡುತ್ತಿದ್ದರು. ಆಕೆಗೆ ಹೊಸ ನಂಬರು ಕೊಡಬೇಕಾಯಿತು. ನಮ್ಮ ಆಧಾರ್‌ನಲ್ಲಿ ಹತ್ತು ಬೆರಳು, ಎರಡು ಕಣ್ಣು ಎಲ್ಲ ತೆಗೆದುಕೊಳ್ಳುವುದು ಇಂಥದ್ದಕ್ಕೇ. ಆದರೆ ಈಜು ಕಲಿಯಲು ಬಂದ ಮಗುವಿನ ಬೆರಳಚ್ಚು ಕೇಳುವುದಕ್ಕಾಗುತ್ತದೆಯೇ?

ಇನ್ನು ಕಂಪ್ಯೂಟರ್ ಕಾಲ. ಹುಟ್ಟಿನಿಂದ ಸಾವಿನವರೆಗೆ ಒಬ್ಬ ಮನುಷ್ಯನ ಚೂರುಪಾರು ದಾಖಲೆಗಳನ್ನು ಒಂದು ಪುಸ್ತಕದ ಹಾಳೆಗಳಂತೆ ಹೊಲಿಯುವ ಮಾತನ್ನು ಹಾಲ್ಬರ್ಟ್ ಡನ್ 1946ರಲ್ಲೇ ಬರೆದಿದ್ದ. ಆದರೆ ಯಂತ್ರದಿಂದ ಮಾಡಿ ತೋರಿಸಿದ್ದು ಕೆನಡಾದ ಹೊವರ್ಡ್ ನ್ಯೂಕೋಂಬ್. ಅವನು ಕಂಪ್ಯೂಟರಿನವನಲ್ಲ, ತಳಿವಿಜ್ಞಾನಿ, ಚಾಕ್ ರಿವರ್‌ನ ಅಣುಶಕ್ತಿ ಸಂಸ್ಥೆಯಲ್ಲಿದ್ದವನು. ವಿಕಿರಣದ ಪರಿಣಾಮ ತಲೆಮಾರುಗಳಲ್ಲಿ ಹೇಗೆ ಇಳಿಯುತ್ತದೆ ಎಂಬುದು ಅಣುಬಾಂಬಿನ ನಂತರದ ದೊಡ್ಡ ಭಯ. ಅದಕ್ಕೆ ಇಡೀ ಪ್ರಾಂತ್ಯದ ವಂಶವೃಕ್ಷ ಬೇಕು. ಬ್ರಿಟಿಷ್ ಕೊಲಂಬಿಯಾದಲ್ಲಿ 1955ರಲ್ಲಿ ಹುಟ್ಟಿದ 30,000ಕ್ಕೂ ಹೆಚ್ಚು ಮಕ್ಕಳ ದಾಖಲೆಗಳನ್ನು, ಹತ್ತು ವರ್ಷಗಳ 1 ಲಕ್ಷಕ್ಕೂ ಹೆಚ್ಚು ಮದುವೆಗಳ ದಾಖಲೆಗಳ ಜೊತೆ ಹೊಂದಿಸಿ, 1959ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅದರಲ್ಲಿ ನನಗೆ ನಾಚಿಕೆ ತರಿಸಿದ ವಿಷಯ ಒಂದಿದೆ. ಎಲ್ಲ ಹೊಂದಾಣಿಕೆಗೂ ಒಂದೇ ಬೆಲೆಯಲ್ಲ ಎನ್ನುತ್ತಾನೆ ನ್ಯೂಕೋಂಬ್. ಅಪರೂಪದ್ದು ಹೊಂದಿದರೆ ಹೆಚ್ಚು ಅಂಕ, ಸಾಮಾನ್ಯವಾದದ್ದು ಹೊಂದಿದರೆ ಕಡಿಮೆ. ನಮ್ಮ ಕಡೆಯ ಉದಾಹರಣೆ ಹೇಳುವುದಾದರೆ, ಇಬ್ಬರ ಹುಟ್ಟಿದ ದಿನವೂ ಜೂನ್ 1 ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಯಾಕೆಂದರೆ ಆ ಕಾಲದ ಅರ್ಧ ಊರಿಗೆ ಹೆಡ್‌ಮಾಸ್ತರು ಕೊಟ್ಟ ಹುಟ್ಟುಹಬ್ಬ ಅದೇ! ನಾನು ಲೆಕ್ಕ ಹಾಕಿದ್ದ ವಿಳಾಸ, ಫೋನು, ಹುಟ್ಟಿದ ದಿನ, ಕುಟುಂಬದ ಹೆಸರು ಇವೆಲ್ಲ ನಾಲ್ಕು ಸಾಕ್ಷಿ ಅಂದುಕೊಂಡಿದ್ದೆ. ಅವಳಿಗಳ ಮನೆಯಲ್ಲಿ ಅವೆಲ್ಲ ಸೇರಿ ಒಂದೇ ಸಾಕ್ಷಿ: ಇವರು ಒಂದೇ ಮನೆಯವರು ಅಂತ.

ಇದಕ್ಕೆ ಗಣಿತದ ತಳಪಾಯ ಹಾಕಿದ್ದು ಇವಾನ್ ಫೆಲ್ಲೆಗಿ ಮತ್ತು ಅಲನ್ ಸಂಟರ್, 1969ರಲ್ಲಿ. ಫೆಲ್ಲೆಗಿ ಹಂಗೇರಿಯವನು. 1956ರ ದಂಗೆಯ ನಂತರ ಕೆನಡಾಗೆ ಬಂದು, ಮುಂದೆ 1985ರಿಂದ 2008ರವರೆಗೆ ಆ ದೇಶದ ಮುಖ್ಯ ಸಂಖ್ಯಾಶಾಸ್ತ್ರಜ್ಞನಾಗಿದ್ದ. ಅವರ ಲೇಖನದಲ್ಲಿ ಪ್ರತಿ ಜೋಡಿಗೂ ಉತ್ತರ ಎರಡಲ್ಲ, ಮೂರು: ಒಬ್ಬರೇ, ಬೇರೆ ಬೇರೆ, ಗೊತ್ತಿಲ್ಲ. ಗೊತ್ತಿಲ್ಲದ ರಾಶಿಯನ್ನು ಮನುಷ್ಯರು ಕೂತು ನೋಡಬೇಕು. ಎರಡೂ ಬಗೆಯ ತಪ್ಪು ಎಷ್ಟೆಷ್ಟು ಆಗಬಹುದು ಎಂದು ನೀವು ಮೊದಲೇ ಹೇಳಿದರೆ, ಆ ಮಧ್ಯದ ರಾಶಿಯನ್ನು ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಮಾಡುವ ನಿಯಮ ಯಾವುದು ಎಂಬುದೇ ಅವರ ಪ್ರಮೇಯ. ಚಿಕ್ಕದು ಮಾಡುವುದು, ಇಲ್ಲವಾಗಿಸುವುದಲ್ಲ. ಅದನ್ನು ಇಲ್ಲವಾಗಿಸಿದರೆ ತಪ್ಪು ಹೆಚ್ಚುತ್ತದೆ, ಉಚಿತವಾಗಿ ಏನೂ ಸಿಗುವುದಿಲ್ಲ.

ಹೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಫ್ಲೋರಿಡಾ ನೋಡಿ. ಆ ರಾಜ್ಯದಲ್ಲಿ ಗಂಭೀರ ಅಪರಾಧ ಮಾಡಿದವರಿಗೆ ಮತದಾನದ ಹಕ್ಕಿರಲಿಲ್ಲ. 2000ದ ಚುನಾವಣೆಗೆ ಮೊದಲು ಅಂಥವರ ಹೆಸರು ಕಿತ್ತುಹಾಕಲು ಒಂದು ಗುತ್ತಿಗೆ ಕಂಪನಿಯಿಂದ ಪಟ್ಟಿ ಮಾಡಿಸಿದರು. ಹೊಂದಾಣಿಕೆಯನ್ನು ಬೇಕೆಂದೇ ಸಡಿಲ ಇಟ್ಟಿದ್ದರು. ತಪ್ಪಿದ್ದರೆ ಕೌಂಟಿಯವರು ನೋಡಿಕೊಳ್ಳಲಿ ಎಂಬ ಲೆಕ್ಕ. ಮ್ಯಾಡಿಸನ್ ಕೌಂಟಿಯ ಚುನಾವಣಾಧಿಕಾರಿಗೇ "ನೀವು ಅಪರಾಧಿ" ಎಂಬ ಪತ್ರ ಬಂತು! ಕೆಲವು ಅಧಿಕಾರಿಗಳು ಪಟ್ಟಿಯನ್ನೇ ಪಕ್ಕಕ್ಕಿಟ್ಟರು, ಇನ್ನು ಕೆಲವರು ಹಾಗೇ ಬಳಸಿದರು. ಅಧ್ಯಕ್ಷ ಯಾರು ಎಂಬುದು ಆ ವರ್ಷ ತೀರ್ಮಾನವಾದದ್ದು ಅದೇ ರಾಜ್ಯದ 537 ಮತಗಳ ಅಂತರದಲ್ಲಿ.

ನನ್ನ ಪ್ರೋಗ್ರಾಮಿನ ಮೊದಲ ಕರಡಿನಲ್ಲೂ "ಗೊತ್ತಿಲ್ಲ" ಎಂಬ ಪಟ್ಟಿ ಇತ್ತು. ಸಾವಿರಕ್ಕೂ ಹೆಚ್ಚು ಜೋಡಿಗಳಾದವು. "ಇಷ್ಟೊಂದನ್ನ ಯಾರು ಕೂತು ನೋಡ್ತಾರೆ ಗುರೂ? ತೆಗೆದುಹಾಕು, ಡೆಮೋ ದಿನ ಚೆನ್ನಾಗಿ ಕಾಣಲ್ಲ" ಎಂದರು ನಮ್ಮ ಮ್ಯಾನೇಜರು. ನಾನೂ ಮರುಮಾತಾಡದೆ ತೆಗೆದೆ. ಅವರನ್ನು ದೂರಿ ಪ್ರಯೋಜನವಿಲ್ಲ, ಗಡಿಯನ್ನು ಸಡಿಲಿಸಿದ ಸಾಲು ಬರೆದದ್ದು ನನ್ನದೇ ಬೆರಳು.

ಈಗ ಆ ಪಟ್ಟಿ ವಾಪಸ್ ಬಂದಿದೆ. ಕೂಡಿಸಿದ್ದನ್ನು ಬಿಡಿಸುವ ವ್ಯವಸ್ಥೆಯನ್ನೂ ಬರೆದೆ, ಹಳೆಯ ಖಾತೆ ಅಳಿಯದೆ ಹಿಂದೆ ಉಳಿದಿರುತ್ತದೆ. ವಾರಕ್ಕೆರಡು ದಿನ ರಾತ್ರಿ ಊಟ ಮುಗಿಸಿ ಫೋನಿಗೆ ಕೂರುತ್ತೇನೆ, ಆ ಕಡೆ ಬೆಳಗಿನ ಹೊತ್ತು. ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ಹೆಂಗಸೊಬ್ಬರು ಪಟ್ಟಿ ನೋಡಿ ಉತ್ತರ ಹೇಳುತ್ತಾರೆ. ಮೊನ್ನೆ ಒಂದು ಜೋಡಿ ಬಂತು. ಹೆಸರು ಅಕ್ಷರಶಃ ಒಂದೇ, ವಿಳಾಸ ಒಂದೇ, ಫೋನು ಒಂದೇ, ಹುಟ್ಟಿದ ದಿನ ತಿಂಗಳು ಕೂಡ ಒಂದೇ. ವರ್ಷ ಮಾತ್ರ ಒಂದರಲ್ಲಿ 1951, ಇನ್ನೊಂದರಲ್ಲಿ 1981. ಐದರ ಬದಲು ಎಂಟು ಒತ್ತಿರಬೇಕು, ಟೈಪಿಂಗ್ ತಪ್ಪು, ಕೂಡಿಸೋಣವೇ ಎಂದೆ. ಆಕೆ ನಕ್ಕುಬಿಟ್ಟರು. ಅಪ್ಪ ಬೆಳಿಗ್ಗೆ ಆರಕ್ಕೆ ಈಜಲು ಬರುತ್ತಾರಂತೆ, ಮಗ ಬರುವುದು ಸಂಜೆ.