ಒಂದೇ ಕಂಬದ ಚಪ್ಪರ: ಕ್ಲೌಡ್ ಸರ್ಟಿಫಿಕೇಟುಗಳ ಚರಿತ್ರೆ



ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ಈಗ ಒಂದು ಹೊಸ ಮಾತು ಕೇಳಿಬರುತ್ತಿದೆ: "ಮಗನಿಗೆ ಕ್ಲೌಡ್ ಕೋರ್ಸ್ ಮಾಡಿಸಿದರೆ ಹೇಗೆ?" ಇನ್ನೂ ಸ್ವಲ್ಪ ತಿಳಿದವರು "ಮಲ್ಟಿಕ್ಲೌಡ್ ಆರ್ಕಿಟೆಕ್ಟ್" ಎಂಬ ದೊಡ್ಡ ಹೆಸರನ್ನೇ ಹೇಳುತ್ತಾರೆ. ಸಾಲ ಮಾಡಿ ಶುಲ್ಕ ಕಟ್ಟುವ ಮೊದಲು, ಈ ಸರ್ಟಿಫಿಕೇಟುಗಳನ್ನು ಯಾರು ಆರಂಭಿಸಿದರು, ಯಾಕೆ ಆರಂಭಿಸಿದರು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಸುಮಾರು ಮೂವತ್ತೈದು ವರ್ಷಗಳ ಆ ಚರಿತ್ರೆಯನ್ನು ಇಲ್ಲಿ ನೋಡೋಣ.

ಮೊದಲು ನಮ್ಮ ಉಸಗಾಂವದ ಒಂದು ಪಾಠ. ಫೋಂಡಾದಿಂದ ತಿಸ್ಕ್ ದಾಟಿ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲೇ ನಮ್ಮ ಹಿರಿಯರಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದರು. ಕೆಲವರು ಕಾರ್ಖಾನೆ ಸೇರಿದರು, ಕೆಲವರು ಅದಿರಿನ ಲಾರಿ ಹತ್ತಿದರು. 2012ರ ಸೆಪ್ಟೆಂಬರಿನಲ್ಲಿ ಗೋವಾ ಸರ್ಕಾರ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುತಿಂಗಳು ಸುಪ್ರೀಂ ಕೋರ್ಟ್ ಕೂಡ ತಡೆ ನೀಡಿತು. ಕೆಲವು ವರ್ಷಗಳ ನಂತರ ಗಣಿಗಳು ಮತ್ತೆ ಶುರುವಾದವು. ಆದರೆ 2018ರ ಫೆಬ್ರವರಿಯಲ್ಲಿ ಕೋರ್ಟ್ 88 ಗಣಿ ಗುತ್ತಿಗೆಗಳ ನವೀಕರಣವನ್ನು ರದ್ದು ಮಾಡಿತು. ಮಾರ್ಚ್ 15ರ ನಂತರ ಕೆಲಸ ಮತ್ತೆ ನಿಂತಿತು. ಕೋರ್ಟಿನ ತೀರ್ಪು ಸರಿಯೋ ತಪ್ಪೋ ಎಂಬುದು ಇಲ್ಲಿನ ವಿಷಯವಲ್ಲ. ಚಪ್ಪರವನ್ನು ಒಂದೇ ಕಂಬಕ್ಕೆ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಗಣಿಯನ್ನೇ ನಂಬಿದ್ದ ಮನೆಗಳು ಎರಡು ಸಲ ಕಂಡವು. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ಈಗ ಸರ್ಟಿಫಿಕೇಟಿನ ಕಥೆ. 1980ರ ದಶಕದಲ್ಲಿ ನಮ್ಮ ದೇಶದಲ್ಲಿ ಕಂಪ್ಯೂಟರ್ ಕಲಿಸುವ ಕಾಲೇಜುಗಳು ಕಡಿಮೆ, ಕಲಿಯಬೇಕೆನ್ನುವವರು ಬಹಳ. ಆ ಅಂತರವನ್ನು ಖಾಸಗಿ ತರಬೇತಿ ಕೇಂದ್ರಗಳು ತುಂಬಿದವು. ಎನ್‌ಐಐಟಿ 1981ರಲ್ಲಿ, ಆಪ್‌ಟೆಕ್ 1986ರಲ್ಲಿ ಶುರುವಾದವು. ಊರೂರಿಗೆ ಕೇಂದ್ರಗಳು ಬಂದ ಮೇಲೆ ಒಂದು ಪ್ರಶ್ನೆ ಎದ್ದಿತು: ಯಾವ ಕೇಂದ್ರದ ಕಾಗದಕ್ಕೆ ಎಷ್ಟು ಬೆಲೆ? ಇದಕ್ಕೆ ಉತ್ತರವಾಗಿ 1990ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ ಸೇರಿ ಡೋಯಾಕ್ ಯೋಜನೆ ತಂದವು. 'ಓ', 'ಎ', 'ಬಿ', 'ಸಿ' ಎಂದು ನಾಲ್ಕು ಹಂತ. ಎಲ್ಲಿ ಕಲಿತರೂ ಪರೀಕ್ಷೆ ಮಾತ್ರ ದೇಶಕ್ಕೆಲ್ಲ ಒಂದೇ. ಇಂಜಿನಿಯರಿಂಗ್ ಸೀಟು ಸಿಗದ ಮಕ್ಕಳಿಗೂ ಇದರಿಂದ ಒಂದು ಬಾಗಿಲು ತೆರೆಯಿತು. 2011ರಿಂದ ಈ ಸಂಸ್ಥೆಯ ಹೆಸರು ನೈಲಿಟ್. 'ಓ' ಲೆವೆಲ್ ಈಗಲೂ ಇದೆ.

ಅದೇ ಕಾಲಕ್ಕೆ ಅಮೆರಿಕದ ಕಂಪನಿಗಳು ಬೇರೆ ದಾರಿ ಹಿಡಿದವು. ನೆಟ್‌ವರ್ಕ್ ಸಾಫ್ಟ್‌ವೇರ್ ಮಾರುತ್ತಿದ್ದ ನೊವೆಲ್, 1992ರಲ್ಲಿ ಮೈಕ್ರೋಸಾಫ್ಟ್, 1993ರಲ್ಲಿ ಸಿಸ್ಕೊ ತಮ್ಮದೇ ಪರೀಕ್ಷೆಗಳನ್ನು ನಡೆಸಿದವು. ಕಾರಣ ಸರಳ. ತಮ್ಮ ಸರಕನ್ನು ನಡೆಸಬಲ್ಲ ಜನ ಹೆಚ್ಚಿದಷ್ಟೂ ಸರಕು ಹೆಚ್ಚು ಮಾರಾಟವಾಗುತ್ತದೆ. ಆದರೂ ಇವು ಬರೀ ವ್ಯಾಪಾರವಾಗಿರಲಿಲ್ಲ. ಸಿಸ್ಕೊದ ಸಿಸಿಐಇ ಪರೀಕ್ಷೆಯಲ್ಲಿ ಮೊದಲ ವರ್ಷಗಳಲ್ಲಿ ಅಭ್ಯರ್ಥಿ ಎರಡು ದಿನ ಲ್ಯಾಬಿನಲ್ಲಿ ಕೆಲಸ ಮಾಡಿ ತೋರಿಸಬೇಕಿತ್ತು. ಇಲ್ಲಿಂದಲೇ ಎರಡು ಬಗೆಯ ಪರೀಕ್ಷೆಗಳು ಕಾಣುತ್ತವೆ: ಉತ್ತರ ಗುರುತು ಹಾಕುವುದು ಒಂದು, ಕೈಯಾರೆ ಮಾಡಿ ತೋರಿಸುವುದು ಇನ್ನೊಂದು.

ಕ್ಲೌಡ್ ಬಂದದ್ದು 2006ರಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ಅಮೆಜಾನ್ ಮಾಹಿತಿ ಇಡುವ ಜಾಗವನ್ನೂ ಆಗಸ್ಟ್‌ನಲ್ಲಿ ಕಂಪ್ಯೂಟರಿನ ಶಕ್ತಿಯನ್ನೂ ಬಾಡಿಗೆಗೆ ಕೊಡತೊಡಗಿತು. ಮಗಳ ಮದುವೆಗೆಂದು ಯಾರೂ ಹಾಲ್ ಕಟ್ಟಿಸುವುದಿಲ್ಲ. ಒಂದು ದಿನಕ್ಕೆ ಬಾಡಿಗೆ ಹಿಡಿಯುತ್ತಾರೆ. ಕ್ಲೌಡ್ ಎಂದರೆ ಅಷ್ಟೇ. ಕಂಪನಿಗಳು ಸ್ವಂತ ಸರ್ವರ್ ಕೊಳ್ಳುವ ಬದಲು ಬೇಕಾದಾಗ ಬೇಕಾದಷ್ಟು ಬಾಡಿಗೆಗೆ ಪಡೆಯುತ್ತವೆ. 2010ರಲ್ಲಿ ಮೈಕ್ರೋಸಾಫ್ಟ್‌ನ ಅಝೂರ್ ಬಂತು. ಗೂಗಲ್ ಕೂಡ ಕಣಕ್ಕಿಳಿಯಿತು. 2015ರಿಂದ 2017ರೊಳಗೆ ಮೂರೂ ಕಂಪನಿಗಳು ಭಾರತದಲ್ಲೇ ಡೇಟಾ ಸೆಂಟರ್ ವಲಯಗಳನ್ನು ತೆರೆದವು.

ಬಾಡಿಗೆ ಸುಲಭ, ಆದರೆ ಲೆಕ್ಕ ಕಷ್ಟ. ಎಷ್ಟು ಸರ್ವರ್ ಬೇಕು, ಯಾವ ಊರಿನ ಡೇಟಾ ಸೆಂಟರಿನಲ್ಲಿ, ಒಂದು ಕೆಟ್ಟರೆ ಯಾವುದು ಕೆಲಸ ಮಾಡಬೇಕು, ತಿಂಗಳ ಬಿಲ್ ಎಷ್ಟು? ಇದನ್ನೆಲ್ಲ ಮೊದಲೇ ಯೋಚಿಸಿ ನಕ್ಷೆ ಹಾಕುವವರೇ ಕ್ಲೌಡ್ ಆರ್ಕಿಟೆಕ್ಟ್. ಅಮೆಜಾನ್ 2013ರಲ್ಲಿ ಈ ಕೆಲಸಕ್ಕೆ 'ಸೊಲ್ಯೂಷನ್ಸ್ ಆರ್ಕಿಟೆಕ್ಟ್' ಪರೀಕ್ಷೆ ಆರಂಭಿಸಿತು. ಗೂಗಲ್ ತನ್ನದೇ ಆರ್ಕಿಟೆಕ್ಟ್ ಪರೀಕ್ಷೆ ತಂದಿತು. ಮೈಕ್ರೋಸಾಫ್ಟ್ 2018ರಲ್ಲಿ ತನ್ನ ಸರ್ಟಿಫಿಕೇಟುಗಳನ್ನು ಉದ್ಯೋಗದ ಹುದ್ದೆಗಳಿಗೆ ತಕ್ಕಂತೆ ಬದಲಿಸಿತು.

ಹಾಗಾದರೆ ಮಲ್ಟಿಕ್ಲೌಡ್ ಯಾಕೆ? ಇಲ್ಲಿ ಚಪ್ಪರದ ಮಾತು ಮತ್ತೆ ಬರುತ್ತದೆ. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಒಂದು ಖಾಸಗಿ ಕ್ಲೌಡ್ ವ್ಯವಸ್ಥೆ ಗೂಗಲ್ ಕ್ಲೌಡ್‌ನಿಂದ ಅಳಿಸಿಹೋಯಿತು. ವ್ಯವಸ್ಥೆಯನ್ನು ಸಿದ್ಧಪಡಿಸುವಾಗ ಒಂದು ವಿವರವನ್ನು ಖಾಲಿ ಬಿಟ್ಟದ್ದೇ ಕಾರಣ ಎಂದು ಗೂಗಲ್ ಹೇಳಿತು. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿಗೆ ಸುಮಾರು ಒಂದು ವಾರ ತಮ್ಮ ಖಾತೆ ನೋಡಲಾಗಲಿಲ್ಲ. ಆದರೆ ಹಣ ಉಳಿಯಿತು, ಮಾಹಿತಿಯೂ ಮರಳಿ ಸಿಕ್ಕಿತು. ಯಾಕೆಂದರೆ ಆ ಸಂಸ್ಥೆ ಇನ್ನೊಂದು ಕಂಪನಿಯ ಬಳಿಯೂ ಪ್ರತಿಗಳನ್ನು ಇಟ್ಟಿತ್ತು. ದುಡಿದ ಜನರ ಮುಪ್ಪಿನ ಹಣಕ್ಕೆ ಎರಡನೆಯ ಕಂಬ ನೆಟ್ಟವರ ಮುಂದಾಲೋಚನೆ ಅದು. ನಮ್ಮಲ್ಲೂ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಬ್ಯಾಂಕುಗಳು ಐಟಿ ಕೆಲಸವನ್ನು ಹೊರಗಿನವರಿಗೆ ವಹಿಸುವಾಗ ಅಲ್ಲಿಂದ ಹೊರಬರುವ ದಾರಿಯನ್ನೂ ಯೋಜಿಸಿರಬೇಕು ಎಂದು ಹೇಳಿದೆ. ಇಂಥ ಕಾರಣಗಳಿಂದಲೇ ಎರಡು ಮೂರು ಕ್ಲೌಡ್‌ಗಳನ್ನು ಬಲ್ಲವರು ಬೇಕಾಗಿದ್ದಾರೆ.

ಎರಡು ಅಂಗಡಿಗಳ ನಡುವೆ ಸೇತುವೆ ಕಟ್ಟಲು ಸಲಕರಣೆಗಳೂ ಬಂದವು. 2014ರಲ್ಲಿ ಗೂಗಲ್ ಕುಬರ್ನೆಟಿಸ್ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ಅದು ಯಾರ ಕ್ಲೌಡ್‌ನಲ್ಲಾದರೂ ನಡೆಯುತ್ತದೆ. 2015ರಲ್ಲಿ ಅದರ ಹೊಣೆಯನ್ನು ಸಿಎನ್‌ಸಿಎಫ್ ಎಂಬ ಒಕ್ಕೂಟಕ್ಕೆ ಒಪ್ಪಿಸಲಾಯಿತು. 2017ರಲ್ಲಿ ಆ ಒಕ್ಕೂಟ ಆರಂಭಿಸಿದ ಸಿಕೆಎ ಪರೀಕ್ಷೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡಿಯೇ ತೋರಿಸಬೇಕು. ಒಂದು ಅಂಗಡಿಗೆ ಸೇರದ ಪರೀಕ್ಷೆ ಎಂದು ಅದಕ್ಕೆ ಗೌರವವಿದೆ.

ಈ ಚರಿತ್ರೆಯಿಂದ ನಮಗೆ ತಿಳಿಯುವುದೇನು? 'ಮಲ್ಟಿಕ್ಲೌಡ್ ಆರ್ಕಿಟೆಕ್ಟ್' ಆಗಲು ಎಲ್ಲ ಕಂಪನಿಗಳೂ ಒಪ್ಪಿದ ಒಂದೇ ಪರೀಕ್ಷೆ ಎಂಬುದು ಇಲ್ಲ. ಪ್ರತಿ ಕಂಪನಿಯ ಸರ್ಟಿಫಿಕೇಟೂ ಅದರ ಅಂಗಡಿಯ ಭಾಷೆಯನ್ನು ಕಲಿಸುತ್ತದೆ. ಅದಕ್ಕೆ ಅವಧಿಯೂ ಉಂಟು: ಅಮೆಜಾನ್‌ನದು ಮೂರು ವರ್ಷ, ಗೂಗಲ್ ಆರ್ಕಿಟೆಕ್ಟ್ ಎರಡು ವರ್ಷ, ಮೈಕ್ರೋಸಾಫ್ಟ್‌ನದನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಅಮೆಜಾನ್‌ನ ಅಸೋಸಿಯೇಟ್ ಹಂತಕ್ಕೆ ಶುಲ್ಕ 150 ಡಾಲರ್. ಕೂಲಿ, ಡ್ರೈವಿಂಗ್ ಮಾಡುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಅದರ ಮೇಲೆ ತರಬೇತಿಗೆಂದು ಸಾಲವೂ ಸೇರಿದರೆ, ಕಾಗದದ ಅವಧಿ ಮುಗಿದ ಮೇಲೂ ಕಂತು ಉಳಿದಿರಬಹುದು.

ಆದರೆ ಅವಧಿ ಮುಗಿಯದ ವಿದ್ಯೆ ಒಂದಿದೆ. ನೆಟ್‌ವರ್ಕ್ ಹೇಗೆ ನಡೆಯುತ್ತದೆ, ಲಿನಕ್ಸ್ ಹೇಗೆ ಬಳಸಬೇಕು, ಯಾರಿಗೆ ಎಷ್ಟು ಅಧಿಕಾರ ಕೊಡಬೇಕು, ಬ್ಯಾಕಪ್ ಎಲ್ಲಿಡಬೇಕು, ಖರ್ಚು ಹೇಗೆ ಹಿಡಿತದಲ್ಲಿಡಬೇಕು – ಇವು ಎಲ್ಲ ಕ್ಲೌಡ್‌ಗೂ ಒಂದೇ. ಇವನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. 1967ರಲ್ಲಿ ಆರಂಭವಾದ ಗೋವಾ ಇಂಜಿನಿಯರಿಂಗ್ ಕಾಲೇಜು ಫರ್ಮಾಗುಡಿಯಲ್ಲಿದೆ. 2016ರಲ್ಲಿ ಐಐಟಿ ಗೋವಾ ಆರಂಭವಾದದ್ದೂ ಅದೇ ಆವರಣದಲ್ಲಿ. ಅಲ್ಲಿ ಸೀಟು ಸಿಗದವರಿಗೆ ನೈಲಿಟ್ ಪರೀಕ್ಷೆಗಳಿವೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಕ್ಲೌಡ್ ಪಾಠಗಳನ್ನು ಮನೆಯಲ್ಲೇ ಉಚಿತವಾಗಿ ಕೇಳಬಹುದು. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ.

ಇನ್ನೊಂದು ಮಾತನ್ನು ನೇರವಾಗಿ ಹೇಳಬೇಕು. ಕದ್ದ ಪ್ರಶ್ನೆಗಳನ್ನು 'ಡಂಪ್ಸ್' ಎಂಬ ಹೆಸರಿನಲ್ಲಿ ಮಾರುವವರಿದ್ದಾರೆ. ಅವನ್ನು ಬಾಯಿಪಾಠ ಮಾಡಿ ಪಾಸಾಗಬಹುದು. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ. ಸಿಕ್ಕಿಬೀಳದಿದ್ದರೆ ಅಪಾಯ ಇನ್ನೂ ದೊಡ್ಡದು. ಆಸ್ಪತ್ರೆಯ ದಾಖಲೆ, ಬ್ಯಾಂಕಿನ ಖಾತೆ, ಯಾರದೋ ಅಪ್ಪನ ಪಿಂಚಣಿ ಆ ಕೈಗೆ ಬರುತ್ತದೆ. ಗೊತ್ತಿಲ್ಲದ ಕೆಲಸವನ್ನು ಗೊತ್ತಿದೆ ಎಂದು ಹೇಳಿ ಪಡೆಯುವುದು ಸುಳ್ಳುಸಾಕ್ಷಿ ಹೇಳಿದಂತೆಯೇ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟು. ಯಾವುದೇ ಕೇಂದ್ರಕ್ಕೆ ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ಇಲ್ಲಿ ಕೈಯಾರೆ ಕೆಲಸ ಕಲಿಸುತ್ತೀರಾ? ಈ ಸರ್ಟಿಫಿಕೇಟ್ ಎಷ್ಟು ವರ್ಷ ನಡೆಯುತ್ತದೆ? ಪರೀಕ್ಷೆಯ ಶುಲ್ಕ ಇದರಲ್ಲೇ ಸೇರಿದೆಯೇ? ಯುವಮಿತ್ರರೇ, ನೀವು ಮೊದಲು ಅಡಿಪಾಯದ ಪಾಠ ಕಲಿಯಿರಿ, ಆಮೇಲೆ ಒಂದು ಕ್ಲೌಡ್ ಚೆನ್ನಾಗಿ ಕಲಿಯಿರಿ, ಅದು ಕೈಗೆ ಹತ್ತಿದ ಮೇಲೆ ಎರಡನೆಯದು. ಆ ಕ್ರಮದಲ್ಲಿ ಹೋದರೆ ಎರಡನೆಯದು ಸುಲಭವಾಗುತ್ತದೆ.