ಅಮೆರಿಕದಲ್ಲಿ ‘ಅಸಿಸ್ಟೆಂಟ್ ಫಿಸಿಶಿಯನ್’: ರೆಸಿಡೆನ್ಸಿ ಸಿಗದ ವೈದ್ಯ ಪದವೀಧರರಿಗೆ ಇರುವ ದಾರಿ ಮತ್ತು ಅದರ ಮಿತಿ



ಗಡಿಯಾಚೆಯ ನಮ್ಮ ಕನ್ನಡ ಮನೆಗಳಲ್ಲಿ ಮಗನೋ ಮಗಳೋ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದ ಪರೀಕ್ಷೆಗೆ ಓದುತ್ತಿರುವುದು ಈಗ ಅಪರೂಪವೇನಲ್ಲ. “ಅಲ್ಲಿ ರೆಸಿಡೆನ್ಸಿ ಸೀಟು ಸಿಗದಿದ್ದರೂ ಅಸಿಸ್ಟೆಂಟ್ ಡಾಕ್ಟರಾಗಿ ಕೆಲಸ ಮಾಡಬಹುದಂತೆ, ಹೌದೇ?” ಎಂದು ಪೋಷಕರು ಕೇಳುತ್ತಾರೆ. ಕೆಲವು ರಾಜ್ಯಗಳಲ್ಲಿ ಹೌದು, ಆದರೆ ಎಲ್ಲರಿಗೂ ಅಲ್ಲ. ಸಾಲ ಮಾಡಿ ಮಕ್ಕಳನ್ನು ಕಳುಹಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕೊಡಲಾಗಿದೆ.

ಪದವಿ ಬೇರೆ, ಪರವಾನಗಿ ಬೇರೆ

ನಮ್ಮಲ್ಲಿ ಎಂ.ಬಿ.ಬಿ.ಎಸ್. ಪಾಸಾಗಿ, ಒಂದು ವರ್ಷದ ಇಂಟರ್ನ್‌ಶಿಪ್ ಪೂರೈಸಿ, ರಾಜ್ಯ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿದರೆ ಸ್ವಂತ ಕ್ಲಿನಿಕ್ ತೆರೆಯಬಹುದು. ಅಮೆರಿಕದಲ್ಲಿ ಸಾಮಾನ್ಯ ನಿಯಮ ಹಾಗಿಲ್ಲ. ಪದವಿಯ ನಂತರ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಎಂಬ ವೇತನಸಹಿತ ತರಬೇತಿ ಪಡೆಯಬೇಕು. ಇದು ಫ್ಯಾಮಿಲಿ ಮೆಡಿಸಿನ್‌ಗೆ 3 ವರ್ಷ, ಜನರಲ್ ಸರ್ಜರಿಗೆ 5 ವರ್ಷ. ಪೂರ್ಣ ಪರವಾನಗಿಗೆ ಕನಿಷ್ಠ 1 ವರ್ಷದ ರೆಸಿಡೆನ್ಸಿ ಬೇಕು. ಹೊರದೇಶದಲ್ಲಿ ಓದಿದವರಿಂದ ಹಲವು ರಾಜ್ಯಗಳು 2 ಅಥವಾ 3 ವರ್ಷ ಕೇಳುತ್ತವೆ.

ಈ ಸೀಟುಗಳ ಹಂಚಿಕೆಗೆ ‘ಮ್ಯಾಚ್’ ಎನ್ನುತ್ತಾರೆ. ಅಭ್ಯರ್ಥಿಗಳು ಮತ್ತು ಆಸ್ಪತ್ರೆಗಳು ಕೊಟ್ಟ ಆದ್ಯತಾ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿ, ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಫಲಿತಾಂಶ ಪ್ರಕಟಿಸುತ್ತಾರೆ. 2024ರಲ್ಲಿ ಅಲ್ಲಿಯ ಎಂ.ಡಿ. ಅಂತಿಮ ವರ್ಷದವರಲ್ಲಿ ಸುಮಾರು ಶೇ. 93 ಮಂದಿಗೆ ಸೀಟು ಸಿಕ್ಕಿತು. ಅಮೆರಿಕದ ಪ್ರಜೆಗಳಲ್ಲದ ವಿದೇಶಿ ಪದವೀಧರರಲ್ಲಿ ಸಿಕ್ಕಿದ್ದು ಸುಮಾರು ಶೇ. 58 ಮಂದಿಗೆ. ಸೀಟುಗಳ ಕೊರತೆಗೆ ಒಂದು ಕಾರಣ, ಮೆಡಿಕೇರ್ ಹಣದಿಂದ ನಡೆಯುವ ರೆಸಿಡೆನ್ಸಿ ಹುದ್ದೆಗಳಿಗೆ 1997ರ ಕಾಯ್ದೆ ಹಾಕಿದ ಮಿತಿ.

ಮಿಸೌರಿಯ ಕಾನೂನು

ಸೀಟು ಸಿಗದವರನ್ನು ಹಳ್ಳಿಗಾಡಿನ ವೈದ್ಯರ ಕೊರತೆ ನೀಗಿಸಲು ಬಳಸಿಕೊಳ್ಳೋಣವೆಂದು ಮಿಸೌರಿ ರಾಜ್ಯ 2014ರಲ್ಲಿ ‘ಅಸಿಸ್ಟೆಂಟ್ ಫಿಸಿಶಿಯನ್’ ಹುದ್ದೆಗೆ ಕಾನೂನು ಮಾಡಿತು. ಮೊದಲ ಪರವಾನಗಿಗಳು 2017ರಲ್ಲಿ ಬಂದವು. ಮುಖ್ಯ ಷರತ್ತುಗಳು:

1. ಅರ್ಜಿದಾರರು ಅಮೆರಿಕದ ಪ್ರಜೆಯಾಗಿರಬೇಕು ಅಥವಾ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿದ ವಿದೇಶಿ ನಿವಾಸಿಯಾಗಿರಬೇಕು.
2. ಯು.ಎಸ್.ಎಂ.ಎಲ್.ಇ. ಪರೀಕ್ಷೆಯ ಎರಡನೇ ಹಂತವನ್ನು ನಿಗದಿತ ಅವಧಿಯೊಳಗೆ ಪಾಸು ಮಾಡಿರಬೇಕು.
3. ಪೂರ್ಣ ಪರವಾನಗಿಯುಳ್ಳ ವೈದ್ಯರೊಬ್ಬರ ಜೊತೆ ಲಿಖಿತ ಒಪ್ಪಂದ ಇರಬೇಕು.
4. ಮೊದಲ ಒಂದು ತಿಂಗಳಾದರೂ ಆ ವೈದ್ಯರು ಸ್ಥಳದಲ್ಲೇ ಇರಬೇಕು. ನಂತರ 14 ದಿನಗಳಿಗೊಮ್ಮೆ ಕನಿಷ್ಠ ಶೇ. 10ರಷ್ಟು ರೋಗಿಗಳ ದಾಖಲೆಗಳನ್ನು ಪರಿಶೀಲಿಸಬೇಕು.
5. ವೈದ್ಯರ ಕೊರತೆಯಿರುವ ಪ್ರದೇಶಗಳಲ್ಲಿ ಪ್ರಾಥಮಿಕ ಚಿಕಿತ್ಸೆ ನೀಡಲು ಮಾತ್ರ ಅವಕಾಶ.

ಇವರು ‘ಡಾಕ್ಟರ್’ ಎಂದು ಕರೆಸಿಕೊಳ್ಳಬಹುದು, ಆದರೆ ತಾವು ಅಸಿಸ್ಟೆಂಟ್ ಫಿಸಿಶಿಯನ್ ಎಂಬುದನ್ನು ರೋಗಿಗೆ ಸ್ಪಷ್ಟವಾಗಿ ತಿಳಿಸಬೇಕು. ಅರ್ಕಾನ್ಸಾಸ್ 2015ರಲ್ಲಿ, ಯೂಟಾ 2017ರಲ್ಲಿ ಬೇರೆ ಹೆಸರುಗಳಿಂದ ಇಂಥದ್ದೇ ವ್ಯವಸ್ಥೆ ತಂದವು.

ಹೆಸರಿನ ಗೊಂದಲ

ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಫಿಸಿಶಿಯನ್ ಅಸಿಸ್ಟೆಂಟ್’ ಎಂಬುದು ಬೇರೆಯೇ ವೃತ್ತಿ. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ, ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರಿಗಾಗಿ ಇದರ ಮೊದಲ ತರಗತಿ ಶುರುವಾಯಿತು. ಅದಕ್ಕೆ ಮಾನ್ಯತೆ ಪಡೆದ ಪ್ರತ್ಯೇಕ ಕೋರ್ಸು, ಪ್ರತ್ಯೇಕ ಪರೀಕ್ಷೆ ಇದೆ. ವೈದ್ಯ ಪದವಿ ಇದೆ ಎಂಬ ಕಾರಣಕ್ಕೆ ನೇರವಾಗಿ ಆ ಪರೀಕ್ಷೆಗೆ ಕೂರಲಾಗದು. ಎರಡನ್ನೂ ಒಂದೇ ಎಂದು ತಿಳಿದು ಹಣ ಕಟ್ಟಬೇಡಿ.

ಪರ–ವಿರೋಧ

ಓದಿದ ವಿದ್ಯೆ ತುಕ್ಕು ಹಿಡಿಯುವುದಿಲ್ಲ, ವೈದ್ಯರಿಲ್ಲದ ಊರಿಗೊಬ್ಬರು ಸಿಗುತ್ತಾರೆ ಎಂಬುದು ಪರವಾದ ವಾದ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಇಂಥ ವಿಶೇಷ ಪರವಾನಗಿಗಳನ್ನು ವಿರೋಧಿಸಿದೆ. ರೆಸಿಡೆನ್ಸಿ ಆಗದವರನ್ನು ಬಡವರಿರುವ ಕಡೆಗೇ ಕಳುಹಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ಇದೆ. ಎರಡೂ ಮಾತಿನಲ್ಲಿ ಹುರುಳಿದೆ.

ಪೋಷಕರ ಗಮನಕ್ಕೆ

ಈ ಹುದ್ದೆಯಲ್ಲಿ ಎಷ್ಟು ವರ್ಷ ದುಡಿದರೂ ಅದು ರೆಸಿಡೆನ್ಸಿಗೆ ಸಮನಾಗುವುದಿಲ್ಲ. ಒಂದು ರಾಜ್ಯದ ಪರವಾನಗಿ ಇನ್ನೊಂದರಲ್ಲಿ ನಡೆಯುವುದಿಲ್ಲ. ವಿಸಿಟರ್ ವೀಸಾದಲ್ಲಿ ಹೋಗಿ ಆಸ್ಪತ್ರೆಯಲ್ಲಿ ನೋಡಿ ಕಲಿಯುತ್ತಿರುವವರಿಗೆ ಈ ಬಾಗಿಲು ತೆರೆಯದು. “ಸೀಟು ಸಿಗದಿದ್ದರೆ ಅಸಿಸ್ಟೆಂಟ್ ಕೆಲಸ ಗ್ಯಾರಂಟಿ” ಎನ್ನುವ ಏಜೆಂಟರಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: ಯಾವ ರಾಜ್ಯ, ಯಾವ ವೀಸಾ?

ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಮಿಸೌರಿಯ ಮಟ್ಟಿಗೆ ‘ಬೋರ್ಡ್ ಆಫ್ ರಿಜಿಸ್ಟ್ರೇಶನ್ ಫಾರ್ ದಿ ಹೀಲಿಂಗ್ ಆರ್ಟ್ಸ್’ ಜಾಲತಾಣವನ್ನೇ ನೋಡಿ. ಯಾರೋ ಹೇಳಿದ್ದನ್ನು ನಂಬುವ ಬದಲು ಅಲ್ಲಿಯ ಅರ್ಜಿ ನಮೂನೆಯನ್ನು ಮಕ್ಕಳೊಂದಿಗೆ ಕೂತು ಒಮ್ಮೆ ಪೂರ್ತಿ ಓದಿ. ಸೀಟು ಸಿಗದೆ ಮನೆಗೆ ಮರಳಿದ ಮಕ್ಕಳಿದ್ದರೆ ಅವರನ್ನು ಸೋತವರೆಂದು ನೋಡಬೇಡಿ. ಭಾರತದ ನೋಂದಣಿ ಇದ್ದರೆ ಅವರು ಇಲ್ಲಿ ಪೂರ್ಣ ವೈದ್ಯರೇ. ನಮ್ಮ ಗಡಿ ಊರುಗಳಲ್ಲಿ ಕನ್ನಡದಲ್ಲಿ ರೋಗಿಯ ಮಾತು ಕೇಳುವ ಡಾಕ್ಟರು ಬೇಕೇ ಬೇಕು.

— ಕಾರ್ಯದರ್ಶಿ